ಭಂಗಿ ಎಲೆಯ ಚಿತ್ರವಿದ್ದ ಡಬ್ಬಿ

2024ರ ಬೇಸಿಗೆಯಲ್ಲಿ ಅವ್ವ ಮೂರು ತಿಂಗಳು ನಮ್ಮ ಜೊತೆ ಇದ್ದಳು. ನಾವಿರುವುದು ಜರ್ಮನಿಯ ಬ್ರೌನ್‌ಶ್ವೈಗ್ ಎಂಬ ಊರಿನಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಂದ ಎರಡನೇ ವಾರಕ್ಕೇ ಅವಳ ಮೊಣಕಾಲು ಹಿಡಿದುಕೊಂಡಿತು. ಕೆಳಗಿನ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದಾರೆ. ಅವ್ವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವುದನ್ನು ಅವರು ನೋಡಿದ್ದರು. ಮಾರನೇ ದಿನ ಬಾಗಿಲು ತಟ್ಟಿ, ಒಂದು ಪುಟ್ಟ ತಗಡಿನ ಡಬ್ಬಿ ಕೊಟ್ಟು ಹೋದರು. ಮೊಣಕಾಲಿಗೆ ಹಚ್ಚುವ ಮುಲಾಮು. ಮುಚ್ಚಳದ ಮೇಲೆ ಏಳು ಬೆರಳಿನ ಹಸಿರು ಎಲೆ.

ಅವ್ವ ಕನ್ನಡಕ ಏರಿಸಿ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಭಂಗಿ ಎಲಿ ಅಲ್ಲೇನೋ?"

"ಹೌದವ್ವ."

ಡಬ್ಬಿಯನ್ನು ಟೇಬಲ್ ಮೇಲೆ ಇಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಏನ್ ಮುದುಕಿ ಆಕಿ! ಇಂಥಾದ್ದನ್ನ ಹಿಂಗ ಕೈಯಾಗ ಹಿಡಕೊಂಡು ಬರ್ತಾಳ. ಪೊಲೀಸರು ಬರಂಗಿಲ್ಲೇನು?"

ನನಗೆ ಆಶ್ಚರ್ಯವಾದದ್ದು ಅವಳ ಹೆದರಿಕೆಯಲ್ಲ, ಆ ಎಲೆಯನ್ನು ಅವಳು ಗುರುತು ಹಿಡಿದ ವೇಗ. ಜರ್ಮನ್ ಒಂದಕ್ಷರ ಬರದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಎಲೆ ಕಂಡ ಕೂಡಲೇ ಹೆಸರು ಬಾಯಿಗೆ ಬಂತು. ಆ ಸಂಜೆ ಚಹಾ ಕುಡಿಯುತ್ತ ತವರೂರಿನ ಕಥೆ ಹೇಳಿದಳು. ಊರ ಹೊರಗಿನ ಮಠ, ಅಮಾವಾಸ್ಯೆಯ ಭಜನೆ, ತತ್ವಪದ ಹಾಡುವ ಹಿರಿಯರು, ಕೈಯಿಂದ ಕೈಗೆ ಹೋಗುತ್ತಿದ್ದ ಚಿಲುಮೆ. ಹೆಂಗಸರು, ಮಕ್ಕಳು ಆ ಕಡೆ ಹೋಗುವಂತಿರಲಿಲ್ಲ. ಆದರೂ ಎಲ್ಲರಿಗೂ ಎಲ್ಲಾ ಗೊತ್ತಿತ್ತು.

"ಎಲಿ ಬ್ಯಾರೆ, ಮೊಗ್ಗು ಬ್ಯಾರೆ," ಅಂದಳು. "ಎಲಿ ಅರದು ಹಾಲಿನಾಗ ಹಾಕಿ ಕುಡೀತಿದ್ರು. ಮೊಗ್ಗು ಚಿಲುಮಿಗೆ. ಎಲಿ ಕುಡದಾಂವ ನಗತಿದ್ದ, ಮೊಗ್ಗು ಸೇದಿದಾಂವ ಸುಮ್ನ ಕೂಡ್ತಿದ್ದ."

ನಮ್ಮ ದೇಶದ ಮಾದಕವಸ್ತು ಕಾಯ್ದೆ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆ, ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅದರ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿ. ತುದಿಯ ಜೊತೆಗಿರದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಅವ್ವನಿಗೆ ಆ ಕಾಯ್ದೆಯ ಹೆಸರೂ ಗೊತ್ತಿಲ್ಲ. ಆದರೆ ಅದರ ಮುಖ್ಯ ಸಾಲು ಅವಳಿಗೆ ಬಾಯಿಪಾಠ ಇದ್ದಂತೆ ಇತ್ತು.

ಹಾಗಾದರೆ ಅವಳಿಗೆ ಪೊಲೀಸರು ಯಾಕೆ ನೆನಪಾದರು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಇಲ್ಲಿಯ ಲೆಕ್ಕ ಹೇಳಿಬಿಡುತ್ತೇನೆ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ಹದಿನೆಂಟು ದಾಟಿದವರು 25 ಗ್ರಾಂ ಗಾಂಜಾ ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಮನೆಯಲ್ಲಿ 50 ಗ್ರಾಂ, ಜೊತೆಗೆ ಮೂರು ಗಿಡ. ಇಷ್ಟು ನಮ್ಮ ಕಡೆಯ ಪೇಪರ್‌ಗಳಲ್ಲೂ ಬಂತು. "ನಿಮ್ಮಲ್ಲಿ ಈಗ ಎಲ್ಲಾ ಫ್ರೀ ಅಂತಲ್ಲ" ಎಂದು ಊರಿಂದ ಫೋನ್ ಬಂದವು. ಫ್ರೀ ಏನೂ ಇಲ್ಲ. ಶಾಲೆ, ಆಟದ ಮೈದಾನ ಕಣ್ಣಿಗೆ ಕಾಣುವ ಜಾಗದಲ್ಲಿ ಸೇದುವಂತಿಲ್ಲ. ಪೇಟೆಯ ನಡೆದಾಡುವ ಬೀದಿಯಲ್ಲಿ ಬೆಳಗ್ಗೆ 7ರಿಂದ ರಾತ್ರಿ 8ರವರೆಗೆ ಸೇದುವಂತಿಲ್ಲ. ಗಾಡಿ ಓಡಿಸುವವನ ರಕ್ತದ ಸೀರಂನಲ್ಲಿ ಟಿಎಚ್‌ಸಿ ಮಿಲಿಲೀಟರಿಗೆ 3.5 ನ್ಯಾನೋಗ್ರಾಂ ಮುಟ್ಟಿದರೆ 500 ಯೂರೋ ದಂಡ, ಒಂದು ತಿಂಗಳು ಗಾಡಿ ಬಂದ್. ಟಿಎಚ್‌ಸಿ ಅಂದರೆ ನಶೆ ಏರಿಸುವ ಅಂಶ.

ಪೇಪರ್‌ಗಳಲ್ಲಿ ಅಷ್ಟಾಗಿ ಬಾರದ್ದು ಹೆಂಪ್‌ನ ಕಥೆ. ಹೆಂಪ್ ಎಂದರೆ ಅದೇ ಗಿಡ, ಆದರೆ ಟಿಎಚ್‌ಸಿ ತೀರಾ ಕಡಿಮೆ ಇರುವ ತಳಿ. ಜರ್ಮನ್ನರು ಇದನ್ನು ಹಾನ್ಫ್ ಅನ್ನುತ್ತಾರೆ. ಹಿಂದೆ ಇದರಿಂದ ಹಗ್ಗ ಹೊಸೆಯುತ್ತಿದ್ದರು. ಕೆಳಗಿನ ಅಜ್ಜಿಯ ತಂದೆ ರೈತರು. ಅವರ ಕೊಟ್ಟಿಗೆಯಲ್ಲಿ ಹಾನ್ಫ್ ಹಗ್ಗವೇ ಇದ್ದದ್ದಂತೆ. 1982ರಲ್ಲಿ ಇಲ್ಲಿಯೂ ಹೆಂಪ್ ಬೆಳೆಯುವುದನ್ನು ನಿಲ್ಲಿಸಿದರು. 1996ರಲ್ಲಿ ಮತ್ತೆ ರೈತರಿಗೆ ಬಿಟ್ಟುಕೊಟ್ಟರು. ಗಡಿರೇಖೆ ಒಂದು ಸಂಖ್ಯೆ: ಟಿಎಚ್‌ಸಿ ಹಿಂದೆ ಕೆಲವು ವರ್ಷ ಶೇಕಡ 0.2 ಇತ್ತು, ಈಗ 0.3.

ನಾವು ಗಿಡವನ್ನು ಅಂಗಾಂಗದ ಲೆಕ್ಕದಲ್ಲಿ ನೋಡುತ್ತೇವೆ: ಎಲೆ, ಬೀಜ, ಮೊಗ್ಗು. ಇವರು ಅದನ್ನು ತೂಕದ ಲೆಕ್ಕದಲ್ಲಿ ನೋಡುತ್ತಾರೆ, ಆಮೇಲೆ ಒಳಗಿನ ಒಂದೊಂದು ಅಂಶಕ್ಕೂ ಬೇರೆ ಬೇರೆ ಮನೆ ಕೊಡುತ್ತಾರೆ. ಬೀಜ ತಿನ್ನುವ ಪದಾರ್ಥ, ಅದಕ್ಕೆ ಆಹಾರದ ಕಾನೂನು. ಅವ್ವನ ಮುಲಾಮಿನಲ್ಲಿದ್ದದ್ದು ಸಿಬಿಡಿ. ಅದು ನಶೆ ಏರಿಸದ ಅಂಶ, ಚರ್ಮಕ್ಕೆ ಹಚ್ಚುವಾಗ ಅದಕ್ಕೆ ಕಾಸ್ಮೆಟಿಕ್‌ನ ಕಾನೂನು. ಅದೇ ಸಿಬಿಡಿಯನ್ನು ಶುದ್ಧ ಮಾಡಿ, ಮಕ್ಕಳ ಕೆಲವು ಕಠಿಣ ಫಿಟ್ಸ್ ಕಾಯಿಲೆಗೆ ಡಾಕ್ಟರ್ ಚೀಟಿಯ ಮೇಲೆ ಕೊಡುವ ಔಷಧಿ ಇದೆ. ಎಪಿಡಿಯೋಲೆಕ್ಸ್ ಅಂತ ಹೆಸರು, ಯುರೋಪಿನಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಔಷಧಿಯ ಕಾನೂನು. 2020ರ ನವೆಂಬರ್ 19ರಂದು ಯುರೋಪಿನ ಅತ್ಯುನ್ನತ ನ್ಯಾಯಾಲಯವೇ ಫ್ರಾನ್ಸಿನ ಒಂದು ಪ್ರಕರಣದಲ್ಲಿ, ಸಿಬಿಡಿ ಮಾದಕವಸ್ತು ಅಲ್ಲ ಅಂದಿತು.

ಒಂದೇ ಗಿಡಕ್ಕೆ ಇಷ್ಟು ಮನೆ ಯಾಕೆ ಎಂದು ನನಗೂ ಮೊದಮೊದಲು ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಬೇರೆ ಬೇರೆ ಹೆಸರಿದ್ದರೆ ಬಾಯಿ ಬಿಟ್ಟು ಮಾತಾಡಬಹುದು. ಎಲ್ಲಕ್ಕೂ ಒಂದೇ ಹೆಸರಾದರೆ ಬಾಯಿ ಕಟ್ಟಿಹೋಗುತ್ತದೆ.

ನಮ್ಮ ಪೇಪರ್ ತೆಗೆದು ನೋಡಿ. "ಗಾಂಜಾ ಸೊಪ್ಪು ಮಾರುತ್ತಿದ್ದ ಇಬ್ಬರ ಬಂಧನ." ಇಂಥ ಸಾಲನ್ನು ಚಿಕ್ಕಂದಿನಿಂದ ಎಷ್ಟು ಸಲ ಓದಿಲ್ಲ? ಸೊಪ್ಪು ಅಂದರೆ ಎಲೆ. ಕಾಯ್ದೆ ಎಲೆಯನ್ನು ಹೊರಗಿಟ್ಟಿದೆ, ನಮ್ಮ ಭಾಷೆ ಅದನ್ನು ಒಳಗೆ ತಂದು ಕೂರಿಸಿದೆ. ಮೊಗ್ಗಾಗಲಿ, ಎಲೆಯಾಗಲಿ, ಬೀಜವಾಗಲಿ, ಎಲ್ಲವೂ ಗಾಂಜಾ ಸೊಪ್ಪೇ. ಪೊಲೀಸರೂ ಹಾಗೇ ಅನ್ನುತ್ತಾರೆ, ವರದಿಗಾರರೂ ಹಾಗೇ ಬರೆಯುತ್ತಾರೆ, ಓದುವ ನಾವೂ ಹಾಗೇ ತಿಳಿಯುತ್ತೇವೆ. ಅವ್ವನ ಕಾಲದ ಹಳ್ಳಿಯಲ್ಲಿ ಭಂಗಿ ಬೇರೆ, ಗಾಂಜಾ ಬೇರೆ ಇತ್ತು. ಬ್ರಿಟಿಷರು 1893–94ರಲ್ಲಿ ಹೆಂಪ್ ಬಗ್ಗೆಯೇ ಒಂದು ಆಯೋಗ ಕೂರಿಸಿದ್ದರು. ಅದು ಸಹ ಭಂಗಿ, ಗಾಂಜಾ, ಚರಸ್ ಅಂತ ಮೂರನ್ನೂ ಬೇರೆ ಬೇರೆಯಾಗಿಯೇ ನೋಡಿತು. ನೂರೈವತ್ತು ವರ್ಷ ಆಗಿಲ್ಲ, ನಮ್ಮ ಬಾಯಲ್ಲಿ ಮೂರೂ ಕರಗಿ ಒಂದಾಗಿವೆ.

2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಒಂದು ಜಾಮೀನು ಅರ್ಜಿ ಬಂದಿತ್ತು. ಬೆಂಗಳೂರಿನಲ್ಲಿ ಒಬ್ಬನ ಹತ್ತಿರ 29 ಕಿಲೋ ಭಂಗಿ ಸಿಕ್ಕಿತ್ತು, ಜೊತೆಗೆ ಸ್ವಲ್ಪ ಗಾಂಜಾ. ಕಾಯ್ದೆಯಲ್ಲಿ ಭಂಗಿಯ ಹೆಸರೇ ಇಲ್ಲ, ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗಿವೆ, ಈ ಭಂಗಿಯನ್ನು ಗಾಂಜಾದಿಂದ ಮಾಡಿದ್ದಾರೆ ಎಂದು ತೋರಿಸುವ ಪುರಾವೆಯೂ ಇಲ್ಲ ಎಂದು ಹೇಳಿ ನ್ಯಾಯಾಲಯ ಜಾಮೀನು ಕೊಟ್ಟಿತು. ಅವ್ವ ಚಹಾ ಕುಡಿಯುತ್ತ ಹೇಳಿದ ಮಾತನ್ನು ಕೇಳಲು ಒಬ್ಬ ಮನುಷ್ಯ ಹೈಕೋರ್ಟ್ ಬಾಗಿಲ ತನಕ ಹೋಗಬೇಕಾಯಿತು. ಅದು ನನಗೆ ನೋವು ಕೊಡುತ್ತದೆ. ಅವನು ಒಳ್ಳೆಯವನೋ ಕೆಟ್ಟವನೋ ಅನ್ನುವ ಮಾತು ಬೇರೆ. ಕೈಯಲ್ಲಿರುವ ವಸ್ತು ಯಾವುದು ಎಂಬ ಪ್ರಶ್ನೆಗೆ ಠಾಣೆಯಲ್ಲೇ ಉತ್ತರ ಸಿಗಬೇಕಿತ್ತು, ಅಲ್ವಾ?

ಈಗ ಬೀಜದ ವಿಷಯಕ್ಕೆ ಬರುತ್ತೇನೆ. ನಾನು ಇದನ್ನು ಬರೆಯಲು ಕೂತದ್ದೇ ಅದರಿಂದ.

ಮುಲಾಮಿನ ಭಯ ಎರಡು ದಿನದಲ್ಲಿ ಹೋಯಿತು. ಮೂರನೇ ದಿನ ಅವ್ವ ತಾನೇ ಹಚ್ಚಿಕೊಂಡಳು. ನೋವು ಕಡಿಮೆಯಾದದ್ದು ಸಿಬಿಡಿಯಿಂದಲೋ, ದಿನಾ ಸಂಜೆ ನನ್ನ ಹೆಂಡತಿ ಕೂತು ಮೊಣಕಾಲು ನೀವಿದ್ದರಿಂದಲೋ, ನಾನು ಹೇಳಲಾರೆ. ಒಂದು ಶನಿವಾರ ಅವಳನ್ನು ಸಾವಯವ ಅಂಗಡಿಗೆ ಕರೆದುಕೊಂಡು ಹೋದೆ. ಎಳ್ಳು, ಅಗಸಿ, ಕುಂಬಳ ಬೀಜದ ಸಾಲಿನಲ್ಲೇ ಹೆಂಪ್ ಬೀಜ ಇತ್ತು. ಸಿಪ್ಪೆ ತೆಗೆದದ್ದು ಒಂದು, ಇಡಿಯದ್ದು ಒಂದು. ಪಾಕೀಟಿನ ಮೇಲೆ ಅದೇ ಎಲೆ. ಅವ್ವ ಇಡೀ ಬೀಜದ ಪಾಕೀಟನ್ನು ಹೊರಗಿನಿಂದಲೇ ಬೆರಳಲ್ಲಿ ಒತ್ತಿ ನೋಡಿದಳು. "ಕಾಳು ಚಲೋ ಅದಾವ. ಹಿಂಡಿ ಮಾಡೂಣೇನು?"

ಮನೆಗೆ ಬಂದು ಕಬ್ಬಿಣದ ತವೆ ಇಟ್ಟಳು. ಬೂದು ಬಣ್ಣದ ಕಾಳು, ಮೇಲೆ ಕಂದು ಗೆರೆ, ಮೆಣಸಿಗಿಂತ ಸಣ್ಣವು. ಉರಿ ತೀರಾ ಸಣ್ಣಗೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಕಾಳು ಟಪ್ ಅಂದಿತು. ನಂತರ ಎಲ್ಲವೂ ಚಟಪಟ ಸಿಡಿಯತೊಡಗಿದವು. ಅವ್ವ ಅಂಗೈಯನ್ನೇ ಮುಚ್ಚಳದಂತೆ ತವೆಯ ಮೇಲೆ ಹಿಡಿದು ನಕ್ಕಳು. ಅಗಸಿಯ ಹಾಗೆ ಸಿಡಿಯುತ್ತವೆ, ವಾಸನೆ ಮಾತ್ರ ಗುರೆಳ್ಳು ಮತ್ತು ಶೇಂಗಾ ನಡುವಿನದು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಉಪ್ಪು, ಚೂರು ಹುಣಸೆ, ಬೆಲ್ಲ. ಊರಿಂದ ತಂದ ಖಡಕ್ ರೊಟ್ಟಿ ಇನ್ನೂ ಉಳಿದಿತ್ತು. ಹಿಂಡಿಯ ಮೇಲೆ ಎಣ್ಣೆ ಬಿಟ್ಟುಕೊಂಡು ತಿಂದೆವು. ಸಿಪ್ಪೆ ಸ್ವಲ್ಪ ಹಲ್ಲಿಗೆ ಸಿಗುತ್ತದೆ, ಅದಷ್ಟೇ ಕೊರತೆ. ಒಂದು ಬಟ್ಟಲು ಕೆಳಗಿನ ಅಜ್ಜಿಗೂ ಹೋಯಿತು. ಅವರು ಅದನ್ನು ಬೆಣ್ಣೆ ಸವರಿದ ಬ್ರೆಡ್ ಮೇಲೆ ಉದುರಿಸಿಕೊಂಡರು. ಮರುದಿನ ಖಾಲಿ ಬಟ್ಟಲು ತಂದಾಗ ಅದರಲ್ಲಿ ಚೆರ್ರಿ ಹಣ್ಣು ತುಂಬಿಸಿದ್ದರು. ಖಾಲಿ ಪಾತ್ರೆ ಹಿಂದೆ ಕೊಡಬಾರದು ಎಂಬುದು ಇಲ್ಲಿಯೂ ಗೊತ್ತಿದೆ ಎಂದು ಅವ್ವನಿಗೆ ಸಂತೋಷವೋ ಸಂತೋಷ.

ಹೊರಡುವ ವಾರ ಒಂದು ಪಾಕೀಟು ಬೀಜ ಊರಿಗೆ ಒಯ್ಯುತ್ತೇನೆ ಅಂದಳು. ಅಕ್ಕಪಕ್ಕದವರಿಗೆ ರುಚಿ ತೋರಿಸಬೇಕಂತೆ. ಹುಬ್ಬಳ್ಳಿಯಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನ ದನಿಯೇ ಬದಲಾಯಿತು.

"ಅಣ್ಣಾ, ಅದನ್ನ ಮಾತ್ರ ಬ್ಯಾಗಿನಾಗ ಹಾಕಬ್ಯಾಡ. ಏರ್‌ಪೋರ್ಟಿನ್ಯಾಗ ಎಲಿ ಚಿತ್ರ ನೋಡಿದ್ರ ಅವ್ವಗ ಏನ್ ಕೇಳ್ತಾರೋ ಏನೋ. ನಮ್ಮ ಮಾನ ಹೋಗ್ತೈತಿ."

ನಾನು ವಾದ ಮಾಡಿದೆ. ಬೀಜ ಕಾಯ್ದೆಯ ಹೊರಗಿದೆ ಅಂದೆ. ನಮ್ಮದೇ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಎಂದು ಒಪ್ಪಿದೆ, ಟಿಎಚ್‌ಸಿ ಎಷ್ಟಿರಬಹುದು ಎಂದೂ ಬರೆದಿದೆ ಅಂದೆ. ಉತ್ತರಾಖಂಡದ ಬೆಟ್ಟದ ಮನೆಗಳಲ್ಲಿ ಇದರ ಚಟ್ನಿ ದಿನದ ಊಟ ಅಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಅದೆಲ್ಲಾ ಖರೇ ಇರಬಹುದು ಅಣ್ಣಾ. ಆದ್ರ ಅಲ್ಲಿ ನಿಂತಾಗ ಅದನ್ನೆಲ್ಲಾ ಯಾರ ಮುಂದ ಹೇಳೂದು?" ಅಂದ.

ಈ ಒಂದು ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಬೀಜದ ಮಟ್ಟಿಗೆ ಎರಡೂ ದೇಶದ ಕಾನೂನು ಹೆಚ್ಚುಕಡಿಮೆ ಒಂದೇ. ಇಲ್ಲಿ ಅದು ಅಂಗಡಿಯ ಸಾಲಿನಲ್ಲಿ ಎಳ್ಳಿನ ಪಕ್ಕ ಕೂತಿದೆ. ಅಲ್ಲಿ ಅದು ಗೆಜೆಟ್ಟಿನ ಕಾಗದದಲ್ಲಿ ಕೂತಿದೆ, ಮನುಷ್ಯರ ನಡುವೆ ಇನ್ನೂ ಇಳಿದಿಲ್ಲ. ಪಾಕೀಟು ನನ್ನ ಅಡುಗೆಮನೆಯಲ್ಲೇ ಉಳಿಯಿತು.

ಬಾಯಿ ಬಿಟ್ಟು ಹೇಳುವುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಮೊದಲೇ ಒಮ್ಮೆ ಗೊತ್ತಾಗಿತ್ತು. 2023ರ ಚಳಿಗಾಲ. ಇಲ್ಲಿಯ ಯೂನಿವರ್ಸಿಟಿಗೆ ಓದಲು ಬಂದ ಹಾಸನದ ಕಡೆಯ ಹುಡುಗ, ನಮ್ಮ ಯುಗಾದಿ ಊಟಕ್ಕೆ ಬಂದು ಪರಿಚಯವಾದವನು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. "ಅಣ್ಣ, ಎದೆ ತುಂಬಾ ಹೊಡ್ಕೋತಿದೆ. ಕೈ ನಂದಲ್ಲ ಅನ್ನಿಸ್ತಿದೆ." ಹೋಗಿ ನೋಡಿದರೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಾನೆ. ತುಟಿ ಒಣಗಿದೆ, ಕಣ್ಣು ಕೆಂಪಾಗಿದೆ, ಎರಡು ಕೈಯಲ್ಲೂ ನೀರಿನ ಲೋಟ ಹಿಡಿದಿದ್ದಾನೆ, ಕುಡಿಯುತ್ತಿಲ್ಲ. ಬಸ್ ನಿಲ್ದಾಣದ ಹತ್ತಿರದ ಒಂದು ಮಾರಾಟದ ಯಂತ್ರದಿಂದ ಜೆಲ್ಲಿ ಮಿಠಾಯಿ ತಗೊಂಡಿದ್ದ. ಒಂದು ತಿಂದು ಅರ್ಧ ಗಂಟೆ ಏನೂ ಆಗಲಿಲ್ಲವೆಂದು ಮತ್ತೆ ಎರಡು ತಿಂದಿದ್ದ.

ಆ ಮಿಠಾಯಿಯಲ್ಲಿ ಇದ್ದದ್ದು ಎಚ್‌ಎಚ್‌ಸಿ. ಇದು ಹೆಂಪ್‌ನಿಂದಲೇ ಬರುವ ಇನ್ನೊಂದು ಅಂಶ, ಆದರೆ ಗಿಡದಿಂದ ನೇರವಾಗಿ ತೆಗೆದದ್ದಲ್ಲ. ಹೆಂಪ್‌ನಿಂದ ಸಿಬಿಡಿ ತೆಗೆದು, ಅದನ್ನು ಪ್ರಯೋಗಾಲಯದಲ್ಲಿ ಬದಲಾಯಿಸಿ, ಆಮೇಲೆ ಹೈಡ್ರೋಜನ್ ಸೇರಿಸಿ ಮಾಡುತ್ತಾರೆ. ಸಿಬಿಡಿಯಂತೆ ಅಲ್ಲ, ಇದು ನಶೆ ಏರಿಸುತ್ತದೆ. ಯುರೋಪಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2022ರಲ್ಲಿ. ಟಿಎಚ್‌ಸಿ ಅಲ್ಲದ್ದರಿಂದ ಮಾದಕವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಹೆಸರಿಲ್ಲದ್ದು ಚಾಕಲೇಟ್, ಚಿಪ್ಸ್ ಪಕ್ಕ ಬಂದು ಕೂತಿತು.

112ಕ್ಕೆ ಫೋನ್ ಮಾಡಲು ಹೋದರೆ ಹುಡುಗ ನನ್ನ ಕೈ ಹಿಡಿದುಕೊಂಡ. "ಬೇಡ ಅಣ್ಣ. ಪೊಲೀಸ್ ಬರ್ತಾರೆ. ವೀಸಾ ಹೋಗುತ್ತೆ. ಅಪ್ಪಂಗೆ ಗೊತ್ತಾದ್ರೆ..." ಎದೆ ಒಡೆಯುವ ಹಾಗೆ ಹೊಡೆದುಕೊಳ್ಳುತ್ತಿರುವಾಗಲೂ ಅವನ ಭಯ ಅಪ್ಪನದು, ಪೊಲೀಸರದು. ನಾನು ಫೋನ್ ಮಾಡಿದೆ. ಅಂಬುಲೆನ್ಸಿನ ಇಬ್ಬರು ಬಂದರು. ಮೊದಲ ಮಾತು, "ಏನು ತಿಂದೆ, ಎಷ್ಟು ತಿಂದೆ, ಪಾಕೀಟು ಇದೆಯಾ?" ಅವನು ನನ್ನ ಮುಖ ನೋಡಿದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಾಕೀಟಿನ ಹಿಂಬದಿ ಓದಿ, "ನೀನು ನನಗೆ ಹೇಳಿದ್ದನ್ನು ನಾನು ಯಾರಿಗೂ ಹೇಳುವಂತಿಲ್ಲ. ಅದು ನನಗಿರುವ ಕಾನೂನು. ಪೂರ್ತಿ ಹೇಳು, ಆಗ ನನಗೆ ಸಹಾಯ ಮಾಡಲು ಆಗುತ್ತದೆ" ಅಂದರು. ಆಗ ಎಲ್ಲಾ ಹೇಳಿದ. ಬೆಳಗಿನ ನಾಲ್ಕಕ್ಕೆ ಎದೆಬಡಿತ ತಹಬಂದಿಗೆ ಬಂತು, ಆರಕ್ಕೆ ನಿದ್ದೆ ಬಂತು. ಪೊಲೀಸರು ಬರಲಿಲ್ಲ. ವೀಸಾಕ್ಕೆ ಏನೂ ಆಗಲಿಲ್ಲ. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ನಾನು ಆ ರಾತ್ರಿ ಕುರ್ಚಿಯಲ್ಲಿ ಕೂತು ಇದೇ ಹುಡುಗ ಬೆಂಗಳೂರಿನ ಹಾಸ್ಟೆಲಿನಲ್ಲಿ ಇದ್ದಿದ್ದರೆ ಎಂದು ಯೋಚಿಸಿದೆ. ಗೆಳೆಯರು ಮೊದಲು ಯಾರಿಗೆ ಫೋನ್ ಮಾಡುತ್ತಿದ್ದರು? ನನಗೆ ಗೊತ್ತಿರುವ ಹಾಗೆ ಯಾರಿಗೂ ಮಾಡುತ್ತಿರಲಿಲ್ಲ. ಮುಖಕ್ಕೆ ನೀರು ಹಾಕಿ, ಮಜ್ಜಿಗೆ ಕುಡಿಸಿ, ಬಾಗಿಲು ಹಾಕಿ ಮಲಗಿಸುತ್ತಿದ್ದರು. ಡಾಕ್ಟರ್ ಹತ್ತಿರ ಹೋದರೂ "ಹೊಟ್ಟೆ ಕೆಟ್ಟಿದೆ" ಅನ್ನುತ್ತಿದ್ದರು. ನನ್ನ ಇಂಜಿನಿಯರಿಂಗ್ ದಿನಗಳಲ್ಲಿ ನಾವು ಒಬ್ಬ ಗೆಳೆಯನಿಗೆ ಮಾಡಿದ್ದೂ ಇದನ್ನೇ. ಅವನಿಗೆ ಏನೂ ಆಗಲಿಲ್ಲ, ಅದು ಅವನ ಅದೃಷ್ಟ. ನಾವು ಕೆಟ್ಟವರಾಗಿರಲಿಲ್ಲ, ಹೆದರಿದ್ದೆವು. ಎನ್‌ಡಿಪಿಎಸ್‌ನಲ್ಲಿ ಒಂದು ಕಿಲೋ ತನಕದ ಗಾಂಜಾ "ಸಣ್ಣ ಪ್ರಮಾಣ". ಅದಕ್ಕೂ ಒಂದು ವರ್ಷದವರೆಗೆ ಜೈಲು ಇರಬಹುದು, ಸುಮ್ನೆ ಸೇದಿದ್ದಕ್ಕೂ ಆರು ತಿಂಗಳವರೆಗೆ. ಹಾಗಿರುವಾಗ ಇಪ್ಪತ್ತರ ಹುಡುಗ ಬಾಯಿ ಬಿಡುವುದು ಹೇಗೆ?

ಜರ್ಮನಿ ಎಚ್‌ಎಚ್‌ಸಿಯನ್ನು ನಿಷೇಧಿಸಿದ್ದು 2024ರ ಜೂನ್ 27ರಂದು, ಹೊಸ ಮಾದಕ ಅಂಶಗಳಿಗೆಂದೇ ಇರುವ ಬೇರೆ ಕಾಯ್ದೆಯ ಕೆಳಗೆ. ಆ ಕಾಯ್ದೆಯ ಒಂದು ಗುಣ ನನಗೆ ತುಂಬಾ ಹಿಡಿಸಿದೆ. ಮಾರುವವನಿಗೆ, ತಯಾರಿಸುವವನಿಗೆ ಶಿಕ್ಷೆ. ತನಗಾಗಿ ಇಟ್ಟುಕೊಂಡವನ ಕೈಯಿಂದ ವಸ್ತು ಕಿತ್ತುಕೊಳ್ಳಬಹುದು, ಆದರೆ ಜೈಲಿಗೆ ಹಾಕುವುದಿಲ್ಲ. ಅಂದರೆ ನಿಷೇಧ ಬಂದ ಮೇಲೂ ಹಾಸನದ ಹುಡುಗ ಡಾಕ್ಟರಮ್ಮನಿಗೆ ನಿಜ ಹೇಳಬಹುದು. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯೂ ಎಚ್‌ಎಚ್‌ಸಿಯನ್ನು ತನ್ನ ನಿಯಂತ್ರಣದ ಪಟ್ಟಿಗೆ ಸೇರಿಸಿತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಕಡೆಯದ್ದನ್ನೂ ಹೇಳಲೇಬೇಕು. ಹೇಳಲು ಮನಸ್ಸು ಪೂರ್ತಿ ಒಪ್ಪುತ್ತಿಲ್ಲ, ಆದರೆ ಹೇಳದಿದ್ದರೆ ತಪ್ಪಾಗುತ್ತದೆ.

2022ರಲ್ಲಿ ಕಂಡ ವಸ್ತುವಿಗೆ 2024ರಲ್ಲಿ ಬೀಗ ಬಿತ್ತು. ನಡುವಿನ ಎರಡು ವರ್ಷ ಅದು ಯಂತ್ರಗಳಲ್ಲಿ ಯಾರು ಬೇಕಾದರೂ ಕಾಸು ಹಾಕಿ ತಗೊಳ್ಳುವಂತೆ ಇತ್ತು. ಒಂದೊಂದು ಅಂಶಕ್ಕೂ ಒಂದೊಂದು ಹೆಸರು ಬೇಕು ಅನ್ನುವ ಈ ದೇಶ, ಹೆಸರಿಲ್ಲದ್ದು ಎದುರಿಗೆ ಬಂದರೆ ಕೈಕಟ್ಟಿ ನಿಲ್ಲುತ್ತದೆ. ಒಂದಕ್ಕೆ ಬೀಗ ಹಾಕುವಷ್ಟರಲ್ಲಿ ರಸಾಯನಶಾಸ್ತ್ರ ಬಲ್ಲವರು ಒಂದು ಕೊಂಡಿ ಆಚೀಚೆ ಮಾಡಿ ಇನ್ನೊಂದನ್ನು ತರುತ್ತಾರೆ. ಅವ್ವನ ಊರಿನ ಮಠದಲ್ಲಿ ಇಂಥದ್ದು ನಡೆಯುತ್ತಿರಲಿಲ್ಲ. ಅಲ್ಲಿ ಎಲೆ ಅರೆಯುವವರು ಒಬ್ಬರು ಹಿರಿಯರು. ಯಾರಿಗೆ ಎಷ್ಟು, ಯಾರಿಗೆ ಬೇಡವೇ ಬೇಡ ಎಂದು ಅವರಿಗೆ ಗೊತ್ತಿತ್ತು. ಯಂತ್ರಕ್ಕೆ ಎದುರಿಗೆ ನಿಂತವನು ಯಾರೆಂದು ಗೊತ್ತಿರುವುದಿಲ್ಲ.

ಸಿಬಿಡಿ ಎಣ್ಣೆಯ ಕಥೆ ಇನ್ನೂ ಬೇಸರದ್ದು. ನಾಲಿಗೆಯ ಕೆಳಗೆ ಹನಿ ಹಾಕಿಕೊಳ್ಳಲೆಂದೇ ಜನ ಅದನ್ನು ಕೊಳ್ಳುತ್ತಾರೆ. ಆದರೆ ಆಹಾರವಾಗಿ ಮಾರುವುದಕ್ಕೆ ಯುರೋಪ್ ಒಕ್ಕೂಟದ ಒಪ್ಪಿಗೆ ಬೇಕು. ಅಲ್ಲಿಯ ಆಹಾರ ಸುರಕ್ಷತಾ ಸಂಸ್ಥೆ 2022ರ ಜೂನ್‌ನಲ್ಲಿ, ಲಿವರ್, ಕರುಳು, ನರಗಳ ಮೇಲೆ ಏನಾಗುತ್ತದೆ ಎಂಬ ಮಾಹಿತಿ ಸಾಲದು ಎಂದು ಹೇಳಿ ಅರ್ಜಿಗಳ ಪರಿಶೀಲನೆಯನ್ನೇ ತಡೆಹಿಡಿಯಿತು. ಅಂಗಡಿಯವರು ಏನು ಮಾಡಿದರು? ಸೀಸೆಯ ಮೇಲೆ "ಸುವಾಸನೆಯ ಎಣ್ಣೆ, ಸೇವಿಸಬೇಡಿ" ಎಂದು ಅಚ್ಚು ಹಾಕಿದರು. ಪಕ್ಕದಲ್ಲೇ ಶೇಕಡ ಐದು, ಶೇಕಡ ಹತ್ತು ಎಂದು ಲೆಕ್ಕ ಇರುತ್ತದೆ, ಮುಚ್ಚಳಕ್ಕೆ ಹನಿ ಬೀಳಿಸುವ ನಳಿಕೆ ಇರುತ್ತದೆ. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಹೊಟ್ಟೆಗೆ ಹೋಗುವ ವಸ್ತುವಿನ ಬಗ್ಗೆ ಬಾಯಿ ಬಿಡದೇ ಇರುವ ಚಾಳಿ ನಮ್ಮದು ಮಾತ್ರ ಎಂದು ನಾನು ಅಂದುಕೊಂಡಿದ್ದೆ.

ಇನ್ನು ನಮ್ಮ ಈ ಊರಿನದೇ ಪ್ರಕರಣ ಒಂದಿದೆ. ಇಲ್ಲಿಯ ಒಂದು ಅಂಗಡಿಯವರು ಹೆಂಪ್ ಎಲೆ, ಹೂವಿನ ಚಹಾ ಮಾರುತ್ತಿದ್ದರು. ಟಿಎಚ್‌ಸಿ ಮಿತಿಯ ಒಳಗೇ ಇದ್ದದ್ದು. 2020ರಲ್ಲಿ ಬ್ರೌನ್‌ಶ್ವೈಗ್‌ನ ನ್ಯಾಯಾಲಯ ಅವರಿಗೆ ಶಿಕ್ಷೆ ಕೊಟ್ಟಿತು. ಆ ಚಹಾವನ್ನು ಬಿಸ್ಕತ್ತಿನ ಹಿಟ್ಟಿಗೆ ಹಾಕಿ ಬೇಯಿಸಿದರೆ ನಶೆ ಏರಬಹುದು ಎಂಬುದು ಮುಖ್ಯ ಕಾರಣ. ಹೆಂಪ್ ಕಾನೂನಿನಲ್ಲಿ ಟಿಎಚ್‌ಸಿ ಮಿತಿಯ ಜೊತೆ ಇನ್ನೊಂದು ಷರತ್ತೂ ಇತ್ತು, ನಶೆಗಾಗಿ ದುರುಪಯೋಗ ಆಗುವಂತಿರಬಾರದು ಎಂದು. 2021ರ ಮಾರ್ಚ್ 24ರಂದು ದೇಶದ ಸರ್ವೋಚ್ಚ ನ್ಯಾಯಾಲಯ, ಗ್ರಾಹಕರಿಗೆ ಮಾರುವುದೇ ಅಪರಾಧವಲ್ಲ, ಆದರೆ ಈ ಷರತ್ತು ಪಾಲನೆಯಾಗಬೇಕು, ಮಾರಿದವರ ಮನಸ್ಸಿನಲ್ಲಿ ಏನಿತ್ತು ಎಂದು ಮತ್ತೆ ವಿಚಾರಿಸಿ ಎಂದು ಪ್ರಕರಣವನ್ನು ಹಿಂದಕ್ಕೆ ಕಳಿಸಿತು. 2024ರಲ್ಲಿ ಗಾಂಜಾವನ್ನೇ ಇಟ್ಟುಕೊಳ್ಳಬಹುದು ಎಂದು ಬರೆದ ಹೊಸ ಕಾನೂನಿನಲ್ಲಿಯೂ ಈ ಷರತ್ತು ಹಾಗೇ ಉಳಿಯಿತು. ನಶೆ ಏರುವ ಮೊಗ್ಗನ್ನು 25 ಗ್ರಾಂ ಜೇಬಿನಲ್ಲಿಟ್ಟು ಓಡಾಡಬಹುದು, ನಶೆ ಏರದ ಎಲೆಯ ಚಹಾ ಮಾರುವವನು ಮಾತ್ರ ಯಾರಾದರೂ ಬಿಸ್ಕತ್ತು ಮಾಡಿಯಾರು ಎಂದು ಹೆದರಬೇಕು. ಇದನ್ನು ಅವ್ವನಿಗೆ ವಿವರಿಸಲು ಹೋಗಿ ಸೋತೆ. "ಮಾಡಿದಾಂವನ್ನ ಹಿಡೀಬೇಕಪಾ, ಮಾಡಬಹುದು ಅಂತ ಹಿಡಿಯೂದು ಎಲ್ಲಿ ನ್ಯಾಯ?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಆದರೂ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಇಲ್ಲಿಯ ದಾರಿಯನ್ನೇ ಆರಿಸುತ್ತೇನೆ. ತಪ್ಪು ಮಾಡಿದರೂ ಇವರು ಬರೆದು ಮಾಡುತ್ತಾರೆ, ಬರೆದದ್ದನ್ನು ಯಾರೂ ಓದಬಹುದು, ಜಗಳ ಆಡಬಹುದು. ನಮ್ಮಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಸೂಕ್ಷ್ಮವಾದ ತಿಳಿವಳಿಕೆ ಇತ್ತು. ಎಲೆ, ಮೊಗ್ಗು, ಬೀಜ ಎಂದು ವಿಂಗಡಿಸುವ ಕಣ್ಣಿತ್ತು. ಅದು ಅವ್ವನ ವಯಸ್ಸಿನವರ ಜೊತೆ ಹೋಗುತ್ತಿದೆ. ನಮಗೆ ಉಳಿಯುತ್ತಿರುವುದು ಗಾಂಜಾ ಸೊಪ್ಪು ಎಂಬ ಎರಡು ಪದ ಮಾತ್ರ. ಹೊರಗಿದ್ದು ಈ ಮಾತು ಹೇಳುವುದು ಸುಲಭ ಎಂದು ತಮ್ಮ ಅನ್ನುತ್ತಾನೆ. ಇರಬಹುದು. ಅಲ್ಲೇ ಇದ್ದಿದ್ದರೆ ನಾನೂ ಪಾಕೀಟನ್ನು ಬ್ಯಾಗಿನಿಂದ ತೆಗೆಸುತ್ತಿದ್ದೆನೋ ಏನೋ.

ಹೋದ ಭಾನುವಾರ ಹಿಂಡಿ ಖಾಲಿಯಾಯಿತು. ಕೆಳಗಿನ ಅಜ್ಜಿ ಬಟ್ಟಲು ಹಿಡಿದು ಎರಡು ಸಲ ಬಂದು ಹೋಗಿದ್ದರು. ನಾನೇ ಮಾಡೋಣವೆಂದು ತವೆ ಇಟ್ಟು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಫೋನನ್ನು ಕಾಳಿನ ಮೇಲೆ ಹಿಡಿದೆ. ಅವಳು ಕನ್ನಡಕ ಏರಿಸಿ ನೋಡಿದಳು. ಅವಳ ಹಿಂದೆ ತಮ್ಮನ ಮನೆಯ ಪಡಸಾಲೆ, ಟಿವಿ ಸದ್ದು, ಬೀಗರು ಯಾರೋ ಬಂದು ಕೂತಿದ್ದರು.

ಅವ್ವ ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡು ದನಿ ತಗ್ಗಿಸಿದಳು. "ಆ ಕಾಳು ಅದಾವಲ್ಲ," ಅಂದಳು, "ಅವನ್ನ ಸಣ್ಣ ಉರಿ ಮ್ಯಾಲ ಹುರಿ."